ಮೀಟರಿನ ಮೇಲಿನ ಆ ಸಣ್ಣ ಅಕ್ಷರ

ಲ್ಯಾಮಿಂಗ್ಟನ್ ರೋಡಿನಲ್ಲಿ ರಿಮೋಟು, ಚಾರ್ಜರುಗಳ ರಾಶಿಯ ಪಕ್ಕ ಒಂದು ಹಳದಿ ಮೀಟರು ಬಿದ್ದುಕೊಂಡಿರುತ್ತದಲ್ಲ, ಅದನ್ನು ನೀವೂ ನೋಡಿರುತ್ತೀರಿ. ಹೆಸರು ಡಿಟಿ-830, ಇಲ್ಲವೇ ಅದರ ಅಣ್ಣತಮ್ಮಂದಿರು. ಇಬ್ಬರ ಹೋಟೆಲ್ ಊಟದ ದುಡ್ಡಿಗೆ ಸಿಕ್ಕಿಬಿಡುತ್ತದೆ. "ಪಂಪ್‌ಸೆಟ್ಟಿಗೆ ಕರೆಂಟು ಬರ್ತಿದೆಯಾ ಅಂತ ನೋಡೋಕೆ ಇರಲಿ" ಎಂದು ಊರಿಗೆ ಹೊರಟಾಗ ಒಂದನ್ನು ಬ್ಯಾಗಿಗೆ ಹಾಕಿಕೊಳ್ಳುವವರು ನಮ್ಮಲ್ಲಿದ್ದಾರೆ. ಈ ಜಾತಿಯ ಹಲವು ಮೀಟರುಗಳ ಮುಖದ ಮೇಲೆ 750 ವೋಲ್ಟ್ ಎಸಿ ಎಂದು ಬರೆದಿರುತ್ತದೆ. ಮನೆಯ ಕರೆಂಟು 230, ಪಂಪಿನ ಮೂರು ಫೇಸಿನದು 400ರ ಆಸುಪಾಸು. ಹಾಗಾದರೆ ಭಯವೇನು ಅಂತೀರಾ? ಇದೆ. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

1920ರ ದಶಕದ ಆರಂಭ. ಬ್ರಿಟನ್ನಿನಲ್ಲಿ ಆಗ ಟೆಲಿಫೋನು, ಟೆಲಿಗ್ರಾಫು ಅಂಚೆ ಇಲಾಖೆಯ ಕೈಯಲ್ಲಿದ್ದವು. ಅಲ್ಲಿನ ಇಂಜಿನಿಯರ್ ಡೊನಾಲ್ಡ್ ಮೆಕಾಡಿಗೆ ಒಂದೊಂದು ಅಳತೆಗೆ ಒಂದೊಂದು ಉಪಕರಣ ಹೊತ್ತು ತಿರುಗುವುದು ಸಾಕಾಗಿ ಹೋಗಿತ್ತು. ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳೆಯುವ ಸಾಧನ ಮಾಡಿದ. ಆ ಮೂರರ ಮೊದಲ ಅಕ್ಷರ ಸೇರಿಸಿ ಇಟ್ಟ ಹೆಸರೇ ಆವೋಮೀಟರ್. 1923ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಮಾದರಿ ಡಿಸಿಯನ್ನು ಮಾತ್ರ ಅಳೆಯುತ್ತಿತ್ತು. ಗಮನಿಸಿ, ಮಲ್ಟಿಮೀಟರು ಹುಟ್ಟಿದ್ದು ಟೆಲಿಫೋನ್ ತಂತಿಯ ಕೆಲಸಕ್ಕೆ. ಅಲ್ಲಿ ತಪ್ಪಾದರೆ ಮುಳ್ಳು ಬಾಗುತ್ತದೆ, ಮೀಟರು ಸುಡುತ್ತದೆ. ಮನುಷ್ಯ ಸುಡುವುದು ಅಪರೂಪ.

1970ರ ದಶಕದ ಕೊನೆಗೆ ಅಮೆರಿಕದ ಇಂಟರ್‌ಸಿಲ್ ಕಂಪನಿಯ 7106 ಎಂಬ ಚಿಪ್ ಬಂತು. ಅಳೆಯುವುದು, ಅಂಕಿ ತೋರಿಸುವುದು ಎರಡನ್ನೂ ಆ ಒಂದೇ ಚಿಪ್ ಮಾಡಿಬಿಡುತ್ತಿತ್ತು. ಒಂಬತ್ತು ವೋಲ್ಟಿನ ಬ್ಯಾಟರಿ ಸಾಕು. ನಮ್ಮ ಹಳದಿ ಮೀಟರಿನ ಹೊಟ್ಟೆಯಲ್ಲಿ ಕಪ್ಪು ಅಂಟಿನ ಕೆಳಗೆ ಕೂತಿರುವುದು ಸಾಮಾನ್ಯವಾಗಿ ಅದರದೇ ನಕಲು. ಹೀಗೆ ಮೀಟರು ಅಗ್ಗವಾಯಿತು, ಲ್ಯಾಬಿನ ಮೇಜು ಬಿಟ್ಟು ಎಲ್ಲರ ಕೈಗೂ ಬಂತು. ಮೀಟರ್ ರೂಮಿಗೂ ಹೋಯಿತು, ಕಂಬದ ಬುಡಕ್ಕೂ ಹೋಯಿತು.

ಅಲ್ಲಿ ಕಾದಿರುವ ಶತ್ರು 230 ವೋಲ್ಟ್ ಅಲ್ಲ. ಸಿಡಿಲು ಬಡಿದಾಗ, ದೊಡ್ಡ ಮೋಟಾರು ಬಂದ್ ಆದಾಗ ಲೈನಿನಲ್ಲಿ ಕ್ಷಣಮಾತ್ರಕ್ಕೆ ಸಾವಿರಾರು ವೋಲ್ಟಿನ ಅಲೆ ಏಳುತ್ತದೆ. ಆ ಅಲೆ ಮೀಟರಿನ ಒಳಗೆ ಕಿಡಿ ಹಾರಿಸಿ ದಾರಿ ತೆರೆಯುತ್ತದೆ, ಅಷ್ಟೇ. ಆ ಕಿಡಿಯ ದಾರಿ ಹಿಡಿದು ಹಿಂದೆಯೇ ಲೈನಿನ ಕರೆಂಟು ನುಗ್ಗುತ್ತದೆ. ಟ್ರಾನ್ಸ್‌ಫಾರ್ಮರ್ ಹತ್ತಿರವಾದಷ್ಟೂ ಅದರ ಬಲ ಹೆಚ್ಚು. ಸಾವಿರಾರು ಆಂಪಿಯರ್ ಆಗಬಹುದು. ಮೀಟರು ಕೈಯಲ್ಲೇ ಸಿಡಿಯುತ್ತದೆ.

ಇದಕ್ಕಾಗಿಯೇ ಅಂತರರಾಷ್ಟ್ರೀಯ ಸಂಸ್ಥೆ ಐಇಸಿ, 1990ರ ಹೊತ್ತಿಗೆ 348 ಎಂಬ ಹಳೆಯ ನಿಯಮ ತೆಗೆದು 1010 ಎಂಬ ಹೊಸದನ್ನು ತಂದಿತು. ಈಗ ಅದರ ಸಂಖ್ಯೆ 61010. "ಎಷ್ಟು ವೋಲ್ಟ್" ಎಂದು ಕೇಳಿದರೆ ಸಾಲದು, "ಎಲ್ಲಿ ಅಳೆಯುತ್ತೀರಿ" ಎಂದೂ ಕೇಳಬೇಕು ಅನ್ನುವುದು ಇದರ ತಿರುಳು. ಪ್ಲಗ್ಗಿಗೆ ಸಿಕ್ಕಿಸುವ ಮಿಕ್ಸಿ, ಟಿವಿಗೆ ಕ್ಯಾಟ್ 2. ಗೋಡೆಯೊಳಗಿನ ವೈರಿಂಗು, ಡಿಸ್ಟ್ರಿಬ್ಯೂಷನ್ ಬೋರ್ಡಿಗೆ ಕ್ಯಾಟ್ 3. ಕಂಬದಿಂದ ಬರುವ ಲೈನು, ಬಿಲ್ಲಿನ ಮೀಟರು, ಅದರ ಫ್ಯೂಸಿಗೆ ಕ್ಯಾಟ್ 4. ಇದಕ್ಕೂ ಕೆಳಗೆ ಕ್ಯಾಟ್ 1 ಅಂತ ಒಂದಿತ್ತು, 2010ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಟ್ಟರು.

ಲೆಕ್ಕ ನೋಡಿ. 600 ವೋಲ್ಟಿನ ಕ್ಯಾಟ್ 2 ಮೀಟರಿಗೆ 4000 ವೋಲ್ಟಿನ ಹೊಡೆತ ಕೊಟ್ಟು ಪರೀಕ್ಷಿಸುತ್ತಾರೆ, ಅದರ ಹಿಂದಿನ ರೋಧ 12 ಓಮ್. 600 ವೋಲ್ಟಿನ ಕ್ಯಾಟ್ 3ಕ್ಕೆ 6000 ವೋಲ್ಟ್, ರೋಧ ಬರೀ 2 ಓಮ್. ಅಂದರೆ ಮೊದಲನೆಯದರಲ್ಲಿ ಸುಮಾರು 333 ಆಂಪಿಯರ್, ಎರಡನೆಯದರಲ್ಲಿ 3000! ಎರಡರ ಮೇಲೂ ಬರೆದಿರುವುದು 600 ವೋಲ್ಟೇ.

ಈಗ ಹಳದಿ ಮೀಟರನ್ನು ಬಿಚ್ಚಿ ನೋಡಿ. ಬಹುತೇಕ ಕಾಣುವುದು ಬೆರಳುದ್ದವೂ ಇಲ್ಲದ ಗಾಜಿನ ಫ್ಯೂಸು. ದೊಡ್ಡ ಕರೆಂಟು ಬಂದಾಗ ತಂತಿ ಕರಗಿದರೂ ಒಳಗೆ ಕಿಡಿ ಉರಿಯುತ್ತಲೇ ಇರಬಹುದು, ಗಾಜೇ ಒಡೆಯಬಹುದು. ಒಳ್ಳೆಯ ಮೀಟರಿನಲ್ಲಿ ಮರಳು ತುಂಬಿದ ದಪ್ಪ ಫ್ಯೂಸು ಇರುತ್ತದೆ. ಮರಳು ಕರಗಿ ಕಿಡಿಯನ್ನು ನುಂಗುತ್ತದೆ. ಅಗ್ಗದ್ದರ 10 ಆಂಪಿಯರ್ ತೂತಿಗಂತೂ ಸಾಮಾನ್ಯವಾಗಿ ಫ್ಯೂಸೇ ಇಲ್ಲ. ಹಾಗಂತ ಪಕ್ಕದಲ್ಲೇ ಇಂಗ್ಲಿಷಿನಲ್ಲಿ ಬರೆದಿರುತ್ತದೆ, ಓದುವವರು ಯಾರು? ಕೆಂಪು ವೈರು ಆ ತೂತಿನಲ್ಲೇ ಉಳಿದು ಪ್ಲಗ್ಗಿಗೆ ಕಡ್ಡಿ ಚುಚ್ಚಿದರೆ ಅದು ಅಳತೆಯಲ್ಲ, ನೇರ ಶಾರ್ಟ್ ಸರ್ಕೀಟು.

ಕೆಲವು ಅಗ್ಗದ ಮೀಟರುಗಳ ಮೇಲೂ ಕ್ಯಾಟ್ 3 ಅಂತ ಅಚ್ಚಾಗಿರುತ್ತದೆ. ಅಚ್ಚು ಹಾಕಲು ಖರ್ಚೇನೂ ಇಲ್ಲ. ಸಿಇ ಗುರುತು ಕೂಡ ಹೆಚ್ಚಾಗಿ ತಯಾರಕನೇ ತನಗೆ ಕೊಟ್ಟುಕೊಂಡ ಸರ್ಟಿಫಿಕೇಟು. ಯುಎಲ್, ಟಿಯುವಿಯಂಥ ಹೊರಗಿನ ಪರೀಕ್ಷಕರ ಗುರುತು ಇದೆಯಾ, ಅದು ಅಸಲಿಯಾ ಅಂತ ನೋಡಬೇಕು. ವೈರು, ಕಡ್ಡಿಗಳ ಮೇಲೂ ಕ್ಯಾಟ್ ಸಂಖ್ಯೆ ಇರಬೇಕು. ಮೀಟರು ಎಷ್ಟೇ ಗಟ್ಟಿಯಾಗಿದ್ದರೂ ಕಡ್ಡಿ ಕ್ಯಾಟ್ 2 ಆದರೆ ಒಟ್ಟು ಲೆಕ್ಕ ಕ್ಯಾಟ್ 2.

ಹಳದಿ ಮೀಟರನ್ನು ಬಿಸಾಡಿ ಅನ್ನುತ್ತಿಲ್ಲ. ಟಾರ್ಚಿನ ಸೆಲ್ಲು, ಸ್ಕೂಟರಿನ ಬ್ಯಾಟರಿ, ಮಕ್ಕಳ ಪ್ರಾಜೆಕ್ಟು ಇವಕ್ಕೆ ಅದು ಬಂಗಾರದಂಥದ್ದು. ಆದರೆ ಊರಿನ ಪಂಪ್‌ಸೆಟ್ಟು ಯೋಚಿಸಿ ನೋಡಿ: ಮೂರು ಫೇಸು, ಬಯಲಲ್ಲಿ ಹಾದು ಬಂದ ತಂತಿ, ಮಳೆಗಾಲದ ಸಿಡಿಲು, ಕೆಲವೊಮ್ಮೆ ಕೂಗಳತೆಯಲ್ಲೇ ಟ್ರಾನ್ಸ್‌ಫಾರ್ಮರ್. ಕ್ಯಾಟ್ 4 ಎಂದರೆ ಇದೇ ಜಾಗ. ಅಲ್ಲಿ ತಮ್ಮನೋ ಮಾವನೋ ಒದ್ದೆ ನೆಲದ ಮೇಲೆ ನಿಂತು, ನಾವು ಪ್ರೀತಿಯಿಂದ ಕೊಟ್ಟ ಮೀಟರಿನ ಕಡ್ಡಿ ಚುಚ್ಚುತ್ತಾರೆ. ಈ ಸಲ ಊರಿಗೆ ಒಯ್ಯುವುದಾದರೆ ಇನ್ನಷ್ಟು ದುಡ್ಡು ಸೇರಿಸಿ ಸರಿಯಾದದ್ದನ್ನೇ ಒಯ್ಯಿರಿ. ಹಳೆಯದು ಈಗಾಗಲೇ ಅಲ್ಲಿದ್ದರೆ ಇವತ್ತೇ ಒಂದು ಫೋನು ಮಾಡಿ ಹೇಳಿಬಿಡಿ.