ಡೋರಿ ಯಾಕೆ ಇಷ್ಟು ತಡ?

ಇಯರ್‌ಫೋನ್ ಸಿಕ್ಕಿಸ್ಕೊಂಡ್ರಾ? ಇವತ್ತು ಎರಡು ಮೀನಿನ ಕಥೆ. ಒಂದು ಕಿತ್ತಳೆ ಬಣ್ಣದ್ದು, ಮೈಮೇಲೆ ಬಿಳಿ ಪಟ್ಟಿ. ಕ್ಲೌನ್‌ಫಿಶ್, ಅಂದ್ರೆ ನಮ್ಮ ನೀಮೋ. ಇನ್ನೊಂದು ನೀಲಿ ಮೈ, ಹಳದಿ ಬಾಲ. ಬ್ಲೂ ಟ್ಯಾಂಗ್, ಅಂದ್ರೆ ಡೋರಿ. ಅಕ್ವೇರಿಯಂ ಅಂಗಡಿಯಲ್ಲಿ ಎರಡೂ ಅಕ್ಕಪಕ್ಕದ ತೊಟ್ಟಿಯಲ್ಲೇ ಇರುತ್ತವೆ. ಆದರೆ ನೀಮೋ ಫಾರ್ಮ್‌ನಲ್ಲಿ ಹುಟ್ಟಿದ್ದಿರಬಹುದು, ಡೋರಿ ಬಹುತೇಕ ಸಮುದ್ರದಿಂದ ಹಿಡಿದು ತಂದಿದ್ದು. ಯಾಕೆ? ಉತ್ತರ ಇರೋದು ಮರಿಯ ಬಾಯಿಯ ಅಳತೆಯಲ್ಲಿ.

ಕಥೆ ಶುರುವಾಗೋದು ಜಪಾನಿನ ಹಾವುಮೀನು ಕೊಳಗಳಲ್ಲಿ. ಅಲ್ಲಿ ರೋಟಿಫರ್ ಅನ್ನೋ ಸೂಕ್ಷ್ಮಜೀವಿ ಸಾಕುವವರಿಗೆ ದೊಡ್ಡ ಕಾಟ. ನೀರಿನ ಹಸಿರು ಪಾಚಿಯನ್ನೆಲ್ಲ ಅದು ತಿಂದು ಮುಗಿಸಿದ್ರೆ ಆಮ್ಲಜನಕ ಕುಸಿದು ಮೀನು ಒದ್ದಾಡೋದು. 1960ರ ಹೊತ್ತಿಗೆ ತಕಾಶಿ ಇತೊ ಅನ್ನೋ ಸಂಶೋಧಕರು ಉಲ್ಟಾ ಯೋಚಿಸಿದರು. ಈ ಪೀಡೆಯನ್ನೇ ಬೆಳೆಸಿ ಮೀನುಮರಿಗೆ ತಿನ್ನಿಸಿದ್ರೆ ಹೇಗೆ? ಅಲ್ಲಿಂದ ಮುಂದೆ ಸಮುದ್ರದ ಮೀನಿನ ಸಾಕಣೆಯ ದಿಕ್ಕೇ ಬದಲಾಯ್ತು.

ಈಗ ಅಮೆರಿಕದ ಫ್ಲಾರಿಡಾಕ್ಕೆ ಬನ್ನಿ, 1970ರ ದಶಕದ ಶುರು. ಮಾರ್ಟಿನ್ ಮೋ ಅನ್ನೋ ಸಾಗರ ಜೀವಶಾಸ್ತ್ರಜ್ಞ ತಮ್ಮ ಮನೆಯ ಗ್ಯಾರೇಜ್‌ನಲ್ಲಿ ತೊಟ್ಟಿ ಇಟ್ಟು ಕ್ಲೌನ್‌ಫಿಶ್ ಮರಿಗಳನ್ನ ಮಾರಾಟ ಮಾಡೋವಷ್ಟು ಬೆಳೆಸಿಬಿಟ್ಟರು. ಕ್ಲೌನ್‌ಫಿಶ್ ಇದಕ್ಕೆ ಹೇಳಿ ಮಾಡಿಸಿದ ಮೀನು. ಕಲ್ಲಿನ ಮೇಲೆ ಮೊಟ್ಟೆ ಅಂಟಿಸುತ್ತೆ, ಅಪ್ಪ ಕಾವಲು ಕಾಯುತ್ತೆ, ಒಂದು ವಾರ ಕಳೆದರೆ ಕತ್ತಲಾದ ಮೇಲೆ ಮೊಟ್ಟೆ ಒಡೆಯುತ್ತೆ. ಹೊರಬಂದ ಮರಿಗೆ ಕಣ್ಣಿದೆ, ಬಾಯಿದೆ, ಆ ಬಾಯಿಗೆ ರೋಟಿಫರ್ ಹಿಡಿಸುತ್ತೆ. ಎರಡು ವಾರದೊಳಗೆ ಪಟ್ಟಿ ಮೂಡೋಕೆ ಶುರು. ಮೋ 1982ರಲ್ಲಿ ಪುಸ್ತಕ ಬರೆದು ಹವ್ಯಾಸಿಗಳಿಗೂ ದಾರಿ ತೋರಿಸಿದರು. ಇವತ್ತು ನಮ್ಮ ತಮಿಳುನಾಡಿನ ಮಂಡಪಂನ ಸಿಎಂಎಫ್‌ಆರ್‌ಐ ಕೇಂದ್ರದಲ್ಲೂ ಕ್ಲೌನ್‌ಫಿಶ್ ಮರಿ ಮಾಡಿಸ್ತಾರೆ.

ಡೋರಿ ಹಾಗಲ್ಲ. ಸಂಜೆ ಹೊತ್ತು ಸಾವಿರಾರು ಮೊಟ್ಟೆಗಳನ್ನ ನೀರಿಗೆ ಬಿಟ್ಟು ಹೊರಟುಹೋಗುತ್ತೆ. ಒಂದೊಂದೂ ಒಂದು ಮಿಲಿಮೀಟರ್‌ಗಿಂತ ಚಿಕ್ಕದು. ಸುಮಾರು ಒಂದು ದಿನದಲ್ಲಿ ಮೊಟ್ಟೆ ಒಡೆಯುತ್ತೆ, ಆದರೆ ಮರಿಗೆ ಆಗಿನ್ನೂ ಬಾಯೇ ಬಂದಿರಲ್ಲ. ಕೆಲವು ದಿನಕ್ಕೆ ಬಾಯಿ ತೆರೆದರೂ ರೋಟಿಫರ್ ಅದಕ್ಕೆ ದೊಡ್ಡ ತುತ್ತು. ಹೊಟ್ಟೆಗಿಲ್ಲದೆ ಮರಿಗಳು ರಾಶಿ ರಾಶಿ ಸಾಯುತ್ವೆ. ಬಿ.ಕಾಂ. ಓದಿದ ನನಗೆ 'ಡೆಡ್ ಸ್ಟಾಕ್' ಅನ್ನೋ ಪದದ ನಿಜವಾದ ಅರ್ಥ ಗೊತ್ತಾಗಿದ್ದು ಇಲ್ಲಿ.

ಈ ತಡಕ್ಕೆ ಬೆಲೆ ತೆತ್ತಿದ್ದು ಹವಳದ ದಿಬ್ಬಗಳು. ಫಿಲಿಪೈನ್ಸ್‌ನಲ್ಲಿ 1960ರ ದಶಕದಿಂದಲೇ ಕೆಲವು ಡೈವರ್‌ಗಳು ನೀರೊಳಗೆ ಸಯನೈಡ್ ಚಿಮ್ಮಿಸಿ ಮೀನಿಗೆ ಮಂಪರು ಬರಿಸಿ ಹಿಡಿತಿದ್ರು. ಮೀನು ಬದುಕಿ ಅಂಗಡಿ ಸೇರಿದ್ರೂ ಅದಿದ್ದ ಹವಳಕ್ಕೆ ವಿಷ ತಗಲ್ತಿತ್ತು.

ಬಿಡಿಸಿದ ಗಂಟು ಕೋಪೆಪಾಡ್ ಅನ್ನೋ ಇನ್ನೊಂದು ಪುಟ್ಟ ಜೀವಿ. ಅದರ ಮರಿಗಳು ರೋಟಿಫರ್‌ಗಿಂತಲೂ ಸಣ್ಣವು. 2015ರಲ್ಲಿ ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ ಡೋರಿಯ ನೆಂಟ ಯೆಲ್ಲೋ ಟ್ಯಾಂಗನ್ನ ಬೆಳೆಸಿತು. 2016ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಮೊದಲ ಬ್ಲೂ ಟ್ಯಾಂಗ್‌ಗಳು ಬೆಳೆದವು. ಐವತ್ತಕ್ಕೂ ಹೆಚ್ಚು ದಿನ ಕಾದು ನೋಡಿದಾಗ ಉಳಿದಿದ್ದು 27 ಮೀನು. ಮೋ ಅವರ ಗ್ಯಾರೇಜ್ ಆಗಿ ನಲವತ್ತು ವರ್ಷ ದಾಟಿತ್ತು!

ಅದೇ ವರ್ಷ 'ಫೈಂಡಿಂಗ್ ಡೋರಿ' ಬಂತು. ಸಿನಿಮಾ ನೋಡಿ ಜನ ಡೋರಿ ಕೊಳ್ಳೋಕೆ ಮುಗಿಬಿದ್ರು ಅಂತ ನಾನೂ ಒಂದು ಎಪಿಸೋಡ್‌ನಲ್ಲಿ ಹೇಳಿದ್ದೆ. ತಪ್ಪು. ಆಮೇಲೆ ಆಮದು ಲೆಕ್ಕ ನೋಡಿದ ಸಂಶೋಧಕರಿಗೆ ಅಂಥ ಏರಿಕೆಯೇ ಕಾಣಲಿಲ್ಲ.

2021ರ ಶುರುವಿನಲ್ಲಿ ಹವಾಯಿಯ ಪಶ್ಚಿಮ ತೀರದಲ್ಲಿ ಅಕ್ವೇರಿಯಂಗಾಗಿ ಮೀನು ಹಿಡಿಯೋದು ಕೋರ್ಟ್ ಮೆಟ್ಟಿಲೇರಿದ ಜಗಳದಿಂದ ನಿಂತುಹೋಯ್ತು. ಯೆಲ್ಲೋ ಟ್ಯಾಂಗ್ ಬೆಲೆ ಏರಿತು, ತೊಟ್ಟಿಯಲ್ಲಿ ಹುಟ್ಟಿದ ಮರಿಗಳಿಗೆ ಗಿರಾಕಿ ಸಿಕ್ಕರು. ಚಪ್ಪಾಳೆ ಹೊಡೆಯೋಕೆ ನನಗೆ ಪೂರ್ತಿ ಮನಸ್ಸಿಲ್ಲ. ಅಲ್ಲಿ ಬಲೆ ಹಿಡಿದು ಮುಳುಗಿ ಮನೆ ನಡೆಸ್ತಿದ್ದವರ ಕೆಲಸವೂ ಅವತ್ತೇ ನಿಂತಿತು.