ಬಣ್ಣ ಕಾಣದ ಮೇಷ್ಟ್ರು ಮಾಡಿದ ನೇಗಿಲು

ಕಿರ್ಲೋಸ್ಕರ್ ಅಂದರೆ ನಮಗೆ ನೆನಪಾಗೋದು ತೋಟದ ಪಂಪ್‌ಸೆಟ್. ಆ ಹೆಸರಿನ ಹಿಂದಿರುವ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಚಿತ್ರಕಾರ ಆಗಬೇಕು ಅಂತ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಆದರೆ ಕೆಲವು ಬಣ್ಣಗಳ ವ್ಯತ್ಯಾಸ ಅವರ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಕುಂಚ ಬಿಟ್ಟು ಯಂತ್ರಗಳ ಡ್ರಾಯಿಂಗ್ ಕಲಿತರು. ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟ್ರಾದರು. ಪಾಠ ಮುಗಿಸಿ ಸುಮ್ಮನೆ ಮನೆಗೆ ಹೋಗಲಿಲ್ಲ, ಬಿಡುವಿನ ಹೊತ್ತಲ್ಲಿ ಯಂತ್ರಗಳ ಜೊತೆ ಕೈ ಪಳಗಿಸಿಕೊಂಡರು.

ಬೆಳಗಾವಿಯಲ್ಲಿ ಅಣ್ಣನ ಜೊತೆ ಸೈಕಲ್ ಅಂಗಡಿ, ಆಮೇಲೆ ಮೇವು ಕತ್ತರಿಸುವ ಯಂತ್ರ, 1903ರ ಹೊತ್ತಿಗೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತೆ ಅಂತ ರೈತರು ಹತ್ತಿರಕ್ಕೂ ಬರಲಿಲ್ಲ. ಮೊದಲ ನೇಗಿಲು ಮಾರಾಟ ಆಗೋಕೆ ಎರಡು ವರ್ಷ ಬೇಕಾಯ್ತು! ಬರೀ ದುಡ್ಡು ಹಾಕಿದವನಾಗಿದ್ದರೆ ಆರು ತಿಂಗಳಿಗೇ ಬಾಗಿಲು ಹಾಕುತ್ತಿದ್ದ. ತಾನು ಮಾಡಿದ ವಸ್ತು ಎಂಥದ್ದು ಅಂತ ತನಗೇ ಗೊತ್ತಿದ್ದವನಿಗೆ ಮಾತ್ರ ಅಷ್ಟು ದಿನ ಕಾಯುವ ಧೈರ್ಯ ಬರುತ್ತೆ ಅಂತ ನನಗನ್ಸುತ್ತೆ.

1910ರಲ್ಲಿ ಬೆಳಗಾವಿಯ ಜಾಗ ಖಾಲಿ ಮಾಡಬೇಕಾಗಿ ಬಂತು. ಜಾಗ ಹೋಯ್ತು, ಕಲಿತ ಕೈ ಉಳಿದಿತ್ತು. ಔಂಧ್ ಸಂಸ್ಥಾನದ ರಾಜರು ಸಾಲ ಕೊಟ್ಟರು, ನೆಲವನ್ನೂ ಕೊಟ್ಟರು. ಪಾಪಾಸುಕಳ್ಳಿ, ನಾಗರಹಾವು ತುಂಬಿದ್ದ 32 ಎಕರೆ ಬರಡು ಭೂಮಿ ಅದು. 25 ಕೆಲಸಗಾರರು ಮನೆಮಂದಿ ಸಮೇತ ಅಲ್ಲಿಗೆ ಬಂದರು. ಅದೇ ಇವತ್ತು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ.

ಎಲ್ಲವನ್ನೂ ಅವರೊಬ್ಬರೇ ಮಾಡಲಿಲ್ಲ, ಮಾಡೋಕೆ ಆಗೋದೂ ಇಲ್ಲ. ಆದರೆ ಯಾರಿಗೆ ಕೆಲಸ ಬರುತ್ತೆ ಅಂತ ಗುರುತಿಸೋಕೆ ಅವರಿಗೆ ಸರ್ಟಿಫಿಕೇಟು ಬೇಕಿರಲಿಲ್ಲ. ಶಾಲೆ ಅರ್ಧಕ್ಕೆ ಬಿಟ್ಟ ಅನಂತರಾವ್ ಫಳಣೀಕರ್ ಅಲ್ಲಿ ಎಂಜಿನಿಯರ್ ಆದರು! ಡಿಗ್ರಿ ಹಿಡಿದು ಕೆಲಸಕ್ಕೆ ಸೇರಿದ ನನ್ನಂಥವರಿಗೆ ಇದು ಸ್ವಲ್ಪ ಚುಚ್ಚುತ್ತೆ..

ನಮ್ಮ ಸಾಫ್ಟ್‌ವೇರ್ ಗೆಳೆಯರ ಬಳಗದಲ್ಲಿ "ಐಡಿಯಾ ನಂದು ಮಾರಾಯ, ಕೋಡ್ ಬರೆಯೋಕೆ ಒಬ್ಬ ಹುಡುಗ ಸಿಕ್ಕರೆ ಸಾಕು" ಅನ್ನೋರಿಗೆ ಬರ ಇಲ್ಲ. ಒಳ್ಳೆ ಹುಡುಗನೇ ಸಿಗಲಿ. ಆದರೆ ಅವನು ಬರೆದದ್ದು ಗಟ್ಟಿಯೋ ಜೊಳ್ಳೋ ಅಂತ ಹೇಳೋರು ಯಾರು? ಮೊದಲ ನೇಗಿಲಾದರೂ ನಮ್ಮ ಕೈಯಿಂದಲೇ ಆಗಬೇಕು.

ನೀವೇನಂತೀರಿ?