ಒಂದೇ ಯೂನಿಯನ್, ಎರಡು ಕೂಲಿ: ಯುಪಿಎಸ್‌ನ ಅರೆಕಾಲಿಕ ನೌಕರರು

ಅಮೆರಿಕದ ಪಾರ್ಸೆಲ್ ಕಂಪನಿ ಯುಪಿಎಸ್‌ನಲ್ಲಿ 2023ರ ಹೊತ್ತಿಗೆ ಟೀಮ್‌ಸ್ಟರ್ಸ್ ಯೂನಿಯನ್‌ನ ಸುಮಾರು 3.4 ಲಕ್ಷ ಸದಸ್ಯರಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅರೆಕಾಲಿಕರು. ಪೂರ್ಣಾವಧಿ ಚಾಲಕರೂ ಇವರೂ ದುಡಿಯುವುದು ಒಂದೇ ರಾಷ್ಟ್ರೀಯ ಒಪ್ಪಂದದಡಿ. ಕೂಲಿ ಮತ್ತು ಪಿಂಚಣಿ ಮಾತ್ರ ಬೇರೆ ಬೇರೆ.

ನಸುಕಿನ ಪಾಳಿ

ಚಾಲಕ ಬರುವ ಮೊದಲೇ ಗೋದಾಮಿನಲ್ಲಿ ಕೆಲಸ ಶುರುವಾಗಿರುತ್ತದೆ. ಬೆಲ್ಟಿನ ಮೇಲೆ ಹರಿದು ಬರುವ ಪೆಟ್ಟಿಗೆಗಳ ಲೇಬಲ್ ನೋಡಿ, ಯಾವ ಮನೆ ಮೊದಲು, ಯಾವುದು ಆಮೇಲೆ ಎಂಬ ಕ್ರಮದಲ್ಲಿ ಕಂದು ಬಣ್ಣದ ವ್ಯಾನಿನ ಕಪಾಟುಗಳಿಗೆ ಜೋಡಿಸುವವನು ಪ್ರೀಲೋಡರ್ ಎಂಬ ಅರೆಕಾಲಿಕ. ಅವನಿಗೆ ದಿನಕ್ಕೆ ಮೂರೂವರೆ ಗಂಟೆ ಕೆಲಸದ ಖಾತರಿ ಇದೆ, ಅಷ್ಟೇ. ಅವನ ಜೋಡಣೆ ಕೆಟ್ಟರೆ ಚಾಲಕನ ಇಡೀ ದಿನ ಕೆಡುತ್ತದೆ. ಆದ್ದರಿಂದ ಇದನ್ನು ಕೌಶಲವಿಲ್ಲದ ಕೆಲಸ ಎನ್ನುವುದು ಅನ್ಯಾಯ.

1982ರ ಸಹಿ

ಚಾಲಕರ ಮತ್ತು ಅರೆಕಾಲಿಕರ ಕೂಲಿಯ ನಡುವಿನ ಅಂತರ ಕಂಪನಿಯೊಂದೇ ಹೇರಿದ್ದಲ್ಲ. 1982ರ ಒಪ್ಪಂದದಲ್ಲಿ ಹೊಸ ಅರೆಕಾಲಿಕರ ಆರಂಭಿಕ ಕೂಲಿಯನ್ನು ಗಂಟೆಗೆ 8 ಡಾಲರಿಗೆ ಇಳಿಸಲು ಯೂನಿಯನ್ನೇ ಒಪ್ಪಿ ಸಹಿ ಹಾಕಿತು. ಆ ದರ ಹದಿನೈದು ವರ್ಷ ಅಲುಗಲಿಲ್ಲ. ಬೆಲೆಗಳೇನೋ ಏರುತ್ತಲೇ ಹೋದವು. ಎರಡು ದರ್ಜೆಯ ಕೂಲಿ ಸುಲಭವಾಗಿ ನುಸುಳುವುದೇ ಹೀಗೆ: ಇರುವವರ ಸಂಬಳಕ್ಕೆ ಕೈ ಹಚ್ಚುವುದಿಲ್ಲ, ಇನ್ನೂ ಕೆಲಸಕ್ಕೆ ಸೇರದವರ ಸಂಬಳ ಕತ್ತರಿಸಲಾಗುತ್ತದೆ. ಅವರಿಗೆ ಆಗ ಮತವೇ ಇರುವುದಿಲ್ಲ.

1997ರ ಮುಷ್ಕರ

1997ರ ಆಗಸ್ಟ್‌ನಲ್ಲಿ ಯೂನಿಯನ್ ಅಧ್ಯಕ್ಷ ರಾನ್ ಕ್ಯಾರಿ ನೇತೃತ್ವದಲ್ಲಿ ಸುಮಾರು 1,85,000 ನೌಕರರು ಹದಿನೈದು ದಿನ ಕೆಲಸ ನಿಲ್ಲಿಸಿದರು. ಅರೆಕಾಲಿಕ ಕೆಲಸಗಳನ್ನು ಕೂಡಿಸಿ 10,000 ಪೂರ್ಣಾವಧಿ ಹುದ್ದೆ ಸೃಷ್ಟಿಸಲು ಕಂಪನಿ ಒಪ್ಪಬೇಕಾಯಿತು. ಯೂನಿಯನ್‌ನ ಪಿಂಚಣಿ ನಿಧಿಗಳಿಂದ ಹೊರಬರುವ ಕಂಪನಿಯ ಪ್ರಸ್ತಾವವೂ ಬಿದ್ದುಹೋಯಿತು. ಆದರೆ ಅರೆಕಾಲಿಕರ ಆರಂಭಿಕ ಕೂಲಿಗೆ ಸೇರಿದ್ದು ಕೇವಲ 50 ಸೆಂಟ್.

ಪಿಂಚಣಿಯ ಲೆಕ್ಕ

ಪೂರ್ಣಾವಧಿ ನೌಕರರ ಪಿಂಚಣಿ ಹೆಚ್ಚಾಗಿ ಹಲವು ಕಂಪನಿಗಳು ಹಣ ತುಂಬುವ ಟೀಮ್‌ಸ್ಟರ್ಸ್‌ನ ಪ್ರಾದೇಶಿಕ ನಿಧಿಗಳಿಂದ ಬರುತ್ತದೆ. ಬಹಳಷ್ಟು ಕಡೆ ಅರೆಕಾಲಿಕರು ಕಂಪನಿಯದೇ ಆದ ಬೇರೆ ಯೋಜನೆಯಲ್ಲಿದ್ದಾರೆ. ಅಲ್ಲಿ ಸೇವೆಯ ವರ್ಷಕ್ಕೆ ತಿಂಗಳಿಗೆ ಇಷ್ಟು ಡಾಲರ್ ಎಂಬ ಲೆಕ್ಕ, ಮೊತ್ತವೂ ಕಡಿಮೆ. ಪೂರ್ಣಾವಧಿ ಹುದ್ದೆಗಾಗಿ ವರ್ಷಗಟ್ಟಲೆ ಕಾದವರ ಸೇವಾವಧಿ ಎರಡು ಯೋಜನೆಗಳ ನಡುವೆ ಹರಿದುಹೋಗುತ್ತದೆ.

ದೊಡ್ಡ ನಿಧಿಗಳಿಗೂ ಕಷ್ಟ ತಪ್ಪಲಿಲ್ಲ. 2007ರಲ್ಲಿ ಯುಪಿಎಸ್ 610 ಕೋಟಿ ಡಾಲರ್ ಕಟ್ಟಿ ಟೀಮ್‌ಸ್ಟರ್ಸ್‌ನ ಸೆಂಟ್ರಲ್ ಸ್ಟೇಟ್ಸ್ ಎಂಬ ಪಿಂಚಣಿ ನಿಧಿಯಿಂದ ಹೊರಬಂತು. ದಿವಾಳಿಯ ಅಂಚಿಗೆ ಬಂದಿದ್ದ ಆ ನಿಧಿಗೆ 2022ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರ ಸುಮಾರು 3,600 ಕೋಟಿ ಡಾಲರ್ ನೆರವು ಘೋಷಿಸಿತು.

ಚಾಲಕರಲ್ಲೂ ಒಡಕು

2018ರ ಒಪ್ಪಂದ ‘22.4’ ಎಂಬ, ಕಡಿಮೆ ಕೂಲಿಯ ಚಾಲಕರ ವರ್ಗವನ್ನು ತಂದಿತು. ಮತ ಹಾಕಿದವರಲ್ಲಿ ಶೇ 54ರಷ್ಟು ಮಂದಿ ಬೇಡವೆಂದರೂ, ಮತದಾನ ಅರ್ಧಕ್ಕಿಂತ ಕಡಿಮೆಯಾದ್ದರಿಂದ ತಿರಸ್ಕಾರಕ್ಕೆ ಮೂರನೇ ಎರಡರಷ್ಟು ಬಹುಮತ ಬೇಕೆಂಬ ನಿಯಮ ಹಿಡಿದು ಯೂನಿಯನ್ ನಾಯಕರು ಅದನ್ನು ಜಾರಿಗೆ ತಂದರು. ಆ ಸಿಟ್ಟೇ 2021ರಲ್ಲಿ ನಿಯಮವನ್ನು ಕಿತ್ತುಹಾಕಿತು. ಅದೇ ವರ್ಷ ಷಾನ್ ಓಬ್ರಯನ್ ಅಧ್ಯಕ್ಷರಾಗಿ ಗೆದ್ದರು.

2023ರ ಒಪ್ಪಂದ

ಶೇ 86.3 ಮತಗಳಿಂದ ಅಂಗೀಕಾರವಾದ ಈ ಒಪ್ಪಂದ 22.4 ವರ್ಗವನ್ನು ರದ್ದು ಮಾಡಿತು. ಅರೆಕಾಲಿಕರ ಕನಿಷ್ಠ ಕೂಲಿ ಗಂಟೆಗೆ 21 ಡಾಲರ್ ಆಯಿತು. ಪೂರ್ಣಾವಧಿಯ ಗರಿಷ್ಠ ದರ ಒಪ್ಪಂದದ ಕೊನೆಗೆ ಸರಾಸರಿ 49 ಡಾಲರ್. ಮೊದಲೇ ಇದ್ದವರಿಗೆ ಐದು ವರ್ಷಗಳಲ್ಲಿ ಗಂಟೆಗೆ 7.50 ಡಾಲರ್ ಏರಿಕೆ ಸಿಕ್ಕಿತು. ಹೊಸದಾಗಿ ಸೇರುವ ಅರೆಕಾಲಿಕರು 21ರಿಂದ 23ಕ್ಕೆ ತಲುಪುತ್ತಾರೆ, ಅಷ್ಟೇ. ಚಾಲಕರ ನಡುವಿನ ಗೋಡೆ ಬಿತ್ತು, ಅರೆಕಾಲಿಕರ ನಡುವೆ ಇನ್ನೊಂದು ಎದ್ದಿತು. ಒಪ್ಪಂದದ ಅವಧಿ 2028ರ ಜುಲೈ 31ಕ್ಕೆ ಮುಗಿಯುತ್ತದೆ. ಮುಂದಿನ ಮಾತುಕತೆಯಲ್ಲಿ ಯೂನಿಯನ್ ಮೊದಲು ಎತ್ತಬೇಕಾದ ಬೇಡಿಕೆ ಹೊಸಬರದೇ.